ಟೆಂಟಿಗೆ ಬಕೆಟ್ ಕೂಲರ್ ಸಾಕಾಗುತ್ತಾ?

ಪ್ರಶ್ನೆ: ಸರ್, ಮರುಭೂಮೀಲಿ ಕ್ಯಾಂಪ್ ಹಾಕ್ಬೇಕು ಅಂತಿದೀವಿ. ಹಗಲು ಟೆಂಟೊಳಗೆ ಕೂರಕ್ಕಾಗಲ್ಲ ಅಂತಾರೆ. ಬಕೆಟ್, ಸಣ್ಣ ಫ್ಯಾನ್ ಇಟ್ಕೊಂಡು ನಾವೇ ಕೂಲರ್ ಮಾಡ್ಬಹುದಾ? ಕರೆಂಟ್ ಇರಲ್ಲ, ಬ್ಯಾಟರಿ ಎಷ್ಟು ದೊಡ್ಡದು ಬೇಕು?

ಉತ್ತರ: ಧಾರಾಳವಾಗಿ ಮಾಡಿ. ಬಕೆಟ್ ಸುತ್ತ ತೂತು ಕೊರೆದು ಒಳಗೋಡೆಗೆ ಕೂಲರ್ ಪ್ಯಾಡ್ (ನೀರು ಹೀರ್ಕೊಂಡು ಗಾಳಿ ಬಿಡೋ ದಪ್ಪ ಪದರ) ಕೂರಿಸಿ, ತಳದಲ್ಲಿ ನೀರು, ನೀರಲ್ಲಿ 12 ವೋಲ್ಟಿನ ಪಂಪು, ಅದರ ಪೈಪು ಮೇಲಕ್ಕೆ ಬಂದು ಪ್ಯಾಡ್ ಮೇಲೆ ಸುತ್ತಲೂ ತೊಟ್ಟಿಕ್ತಾ ಇರ್ಬೇಕು, ಮುಚ್ಚಳದಲ್ಲಿರೋ ಫ್ಯಾನು ಪ್ಯಾಡ್ ಮೂಲಕ ಗಾಳಿ ಎಳ್ಕೊಂಡು ಪೈಪಲ್ಲಿ ಟೆಂಟಿಗೆ ತಳ್ಳುತ್ತೆ. ಹೊರಗೆ 40 ಡಿಗ್ರಿ, ತೇವಾಂಶ 15% ಇದ್ರೆ ಒಳಗೆ ಬರೋ ಗಾಳಿ 26-27 ಡಿಗ್ರಿಗೆ ಇಳಿಯಬಹುದು. ನೀರು ಆವಿಯಾಗೋದ್ರಿಂದಲೇ ಈ ತಂಪು, ಮಳೆ ಬಂದು ಗಾಳಿ ಒದ್ದೆಯಾದ ದಿನ ಮಾತ್ರ ಇದನ್ನ ನಂಬ್ಕೋಬೇಡಿ.

ತುಂಬಾ ಜನ ಎಡವೋದು ಎಲ್ಲಿ ಗೊತ್ತಾ, ಬಕೆಟ್ಟನ್ನ ಟೆಂಟೊಳಗೇ ಇಟ್ಟು ಜಿಪ್ ಎಳೀತಾರೆ, ಆಗ ಅದೇ ಒದ್ದೆ ಗಾಳಿ ಸುತ್ತಿ ಸುತ್ತಿ ಒಳಗೆಲ್ಲ ಇಡ್ಲಿ ಪಾತ್ರೆ ಥರ ಆಗೋಗುತ್ತೆ! ಬಕೆಟ್ ಹೊರಗೆ ನೆರಳಲ್ಲಿರ್ಲಿ, ಎದುರುಬದಿ ಕಿಟಕಿ ತೆರೆದಿರ್ಲಿ.

ಬ್ಯಾಟರಿ ಲೆಕ್ಕ ಸುಲಭ. ಫ್ಯಾನು, ಪಂಪು ಸೇರಿ 25 ವ್ಯಾಟ್ ಅನ್ಕೊಳ್ಳಿ, 8 ಗಂಟೆಗೆ 200 ವ್ಯಾಟ್-ಅವರ್, 12 ವೋಲ್ಟಿಂದ ಭಾಗಿಸಿದ್ರೆ ಸುಮಾರು 17 ಆಂಪಿಯರ್-ಅವರ್. ಲೆಡ್ ಆಸಿಡ್ ಬ್ಯಾಟರೀನ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದ್ರೆ ಬೇಗ ಹಾಳಾಗುತ್ತೆ, ಅದಕ್ಕೆ ಎರಡರಷ್ಟು, ಅಂದ್ರೆ 12 ವೋಲ್ಟ್ 35 ಆಂಪಿಯರ್-ಅವರಿಂದು ತಗೊಳ್ಳಿ. 100 ವ್ಯಾಟಿನ ಸೋಲಾರ್ ಪ್ಯಾನೆಲ್, ಚಾರ್ಜ್ ಕಂಟ್ರೋಲರ್ (ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆ ನೋಡ್ಕೊಳ್ಳೋ ಸಾಧನ) ಇದ್ರೆ ಬಿಸಿಲಲ್ಲಿ ಚಾರ್ಜ್ ತುಂಬ್ಕೊಳ್ಳುತ್ತೆ. ಬ್ಯಾಟರಿ ಪ್ಲಸ್ ಹತ್ರಾನೇ ಫ್ಯೂಸ್ ಹಾಕಿ, ಮರೀಬೇಡಿ.

ನೀರು ಗಂಟೆಗೆ ಲೀಟರ್ ಹತ್ತಿರ ಖರ್ಚಾಗಬಹುದು, ಕುಡಿಯೋ ನೀರಿನ ಲೆಕ್ಕದಿಂದ ಇದನ್ನ ಬೇರೆ ಇಡಿ. ಆವಿಯಾದ ಮೇಲೆ ಉಪ್ಪು ಉಳಿಯುತ್ತಲ್ಲ, ದಿನಾ ಉಳಿದ ನೀರು ಚೆಲ್ಲಿ ಬಕೆಟ್ ತೊಳೀರಿ.