ನಿಮ್ಮ ಶೆಲ್ಸ್‌ಲಿ ಟ್ರೋಫಿ ಲೇಖನ ವಾಪಸ್ ಕಳಿಸುತ್ತಿದ್ದೇನೆ, ಕಾರಣ ಇಲ್ಲಿದೆ

ನಮಸ್ಕಾರ.

ಇಂಗ್ಲೆಂಡಿನ ಶೆಲ್ಸ್‌ಲಿ ವಾಲ್ಶ್ ಬೆಟ್ಟದ ಕಾರು ಓಟ ಮತ್ತು ಅದರ ಟ್ರೋಫಿಯ ಚರಿತ್ರೆ ಕುರಿತು ನೀವು ಬರೆದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ಬುಟ್ಟಿಗೆ ಹಾಕುವ ಬರಹವೂ ಅಲ್ಲ. ವಿಷಯ ಚೆನ್ನಾಗಿದೆ, ಕನ್ನಡದಲ್ಲಿ ಯಾರೂ ಇದರ ಗೋಜಿಗೆ ಹೋದ ಹಾಗಿಲ್ಲ. ಮೇಲಾಗಿ ನೀವು ವೂಸ್ಟರ್‌ನಲ್ಲೇ ಕೆಲಸದಲ್ಲಿದ್ದೀರಿ, ಬೆಟ್ಟ ನಿಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಅದಕ್ಕೇ ಒಂದು ಸಾಲಿನ 'ಕ್ಷಮಿಸಿ' ಬರೆದು ಕೈತೊಳೆದುಕೊಳ್ಳದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಆರಂಭದ ಮಾತು. ಎರಡು ಪುಟ ಆಗುಂಬೆ ಘಾಟಿ ಬಂದಿದೆ. ಮಂಜು, ತಿರುವು, ಬಸ್ಸಿನ ಕಿಟಕಿ, ವಾಂತಿ ಮಾಡಿಕೊಂಡ ಚಿಕ್ಕಪ್ಪ. ಓದೋಕೆ ಮಜಾ ಇದೆ, ಆದರೆ ದಾರಿ ತಪ್ಪಿಸುತ್ತದೆ. ಇದನ್ನು ಓದಿದವರು ಶೆಲ್ಸ್‌ಲಿಯೂ ಅಂಥದ್ದೇ ಉದ್ದನೆಯ ಘಾಟಿ ಅಂದುಕೊಳ್ಳುತ್ತಾರೆ. ಅದರ ಉದ್ದ 1000 ಗಜ, ಅಂದರೆ 914 ಮೀಟರ್. ಒಂದು ಕಿಲೋಮೀಟರ್ ಕೂಡ ಇಲ್ಲ! ಅಷ್ಟರಲ್ಲಿ ಸುಮಾರು 100 ಮೀಟರ್ ಮೇಲೇರಬೇಕು. ತೀರಾ ಕಡಿದಾದ ಕಡೆ ಆರು ಅಡಿ ಮುಂದೆ ಹೋದರೆ ಹೆಚ್ಚುಕಮ್ಮಿ ಒಂದು ಅಡಿ ಏರು. ಹೊಲದ ಮಗ್ಗುಲಲ್ಲಿ, ಮರಗಳ ನಡುವೆ ಹೋಗುವ ಕಿರಿದಾದ ಖಾಸಗಿ ದಾರಿ. ಒಂದು ಸಲಕ್ಕೆ ಒಂದೇ ಕಾರು. ನಿಂತಲ್ಲಿಂದ ಹೊರಡಬೇಕು. ಹಿಂದಕ್ಕೆ ಜಾರದ ಹಾಗೆ ಚಕ್ರದ ಹಿಂದೆ ಒಬ್ಬರು ಬೆಣೆ ಇಟ್ಟಿರುತ್ತಾರೆ. ಆಮೇಲೆ, ವೇಗದ ಕಾರಾದರೆ, ಅರ್ಧ ನಿಮಿಷದ ಒಳಗೆ ಎಲ್ಲ ಮುಗಿದೇ ಹೋಗುತ್ತದೆ. ಅಷ್ಟು ಚಿಕ್ಕ ದಾರಿಗೆ ನೂರಿಪ್ಪತ್ತು ವರ್ಷದಿಂದ ಜನ ಯಾಕೆ ಮುಗಿಬೀಳುತ್ತಾರೆ ಅನ್ನುವ ಕುತೂಹಲ ಮೊದಲ ಪ್ಯಾರಾದಲ್ಲೇ ಹುಟ್ಟಬೇಕು. ಆಗುಂಬೆ ಅದನ್ನು ಮುಚ್ಚಿಹಾಕುತ್ತಿದೆ. ಚಿಕ್ಕಪ್ಪನನ್ನು ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ.

ಈಗ ನನ್ನ ಮುಖ್ಯ ತಕರಾರು. ಟ್ರೋಫಿಯ ಚರಿತ್ರೆ ಅಂತ ಹೇಳಿ ನೀವು ಕೊಟ್ಟಿರುವುದು ಗೆದ್ದವರ ಪಟ್ಟಿ. ಇಸವಿ, ಹೆಸರು, ಕಾರು, ಸಮಯ, ಮತ್ತೆ ಇಸವಿ, ಹೆಸರು. ಆ ಪಟ್ಟಿ ಬೇಕಾದವರಿಗೆ ಎಲ್ಲಾದರೂ ಸಿಗುತ್ತದೆ. ನೀವು ಬರೆಯಬೇಕಾದದ್ದು ಈ ಓಟ ನಡೆಸುವ ಕ್ಲಬ್ಬಿನವರು ಯಾವುದನ್ನು ಗೆಲುವು ಅಂತ ಒಪ್ಪುತ್ತಿದ್ದರು, ಆ ಒಪ್ಪಂದ ಕಾಲಕಾಲಕ್ಕೆ ಹೇಗೆ ಬದಲಾಯಿತು ಅನ್ನುವುದನ್ನು. ನಿಮ್ಮ ಲೇಖನದ ಬೆನ್ನೆಲುಬು ಅದು. ನಿಮ್ಮ ಕೈಯಲ್ಲೇ ಇದೆ, ನೀವು ಗಮನಿಸಿಲ್ಲ ಅಷ್ಟೆ.

ಉದಾಹರಣೆಗೆ, 1905ರ ಆಗಸ್ಟ್ 12ರ ಮೊದಲ ಓಟದ ಬಗ್ಗೆ "ಅರ್ನೆಸ್ಟ್ ಇನ್‌ಸ್ಟೋನ್ ಡೈಮ್ಲರ್ ಕಾರಿನಲ್ಲಿ 77.6 ಸೆಕೆಂಡಿನಲ್ಲಿ ಬೆಟ್ಟವೇರಿ ವಿಜಯಶಾಲಿಯಾದರು" ಅಂತ ಬರೆದಿದ್ದೀರಿ. ಸಮಯ ಸರಿ. ಅವತ್ತಿನ ಅತಿ ಕಡಿಮೆ ಸಮಯ ಅವರದ್ದೇ. ಆದರೆ ಆ ಕಾಲದಲ್ಲಿ ಬರೀ ಸಮಯ ನೋಡಿ ಬಹುಮಾನ ಹಂಚುತ್ತಿರಲಿಲ್ಲ. ಅದಕ್ಕೊಂದು ಸೂತ್ರ ಇತ್ತು. ಕಾರಿನ ಭಾರ, ಅದರ ಅಶ್ವಶಕ್ತಿ, ತೆಗೆದುಕೊಂಡ ಸಮಯ, ಮೂರನ್ನೂ ಸೇರಿಸಿ ಲೆಕ್ಕ ಹಾಕುತ್ತಿದ್ದರು. ಕ್ಲಬ್ಬಿನ ಸದಸ್ಯರು ಆಗ ರೇಸುಗಾರರಲ್ಲ, ಸ್ವಂತ ಕಾರು ಇಟ್ಟುಕೊಂಡ ಅನುಕೂಲಸ್ಥರು. ಜನರನ್ನು ಕೂರಿಸಿಕೊಂಡು ಏರು ಹತ್ತುವ ಗಾಡಿ ಯಾರದ್ದು ಚೆನ್ನಾಗಿದೆ ಅಂತ ತಿಳಿಯುವುದು ಅವರಿಗೆ ಬೇಕಿತ್ತು. ದುಡ್ಡಿರುವವನು ದೊಡ್ಡ ಎಂಜಿನ್ ತಂದು ಎಲ್ಲರನ್ನೂ ಸೋಲಿಸಿದರೆ ಅದರಲ್ಲಿ ಏನು ಹೆಚ್ಚುಗಾರಿಕೆ ಅನ್ನುವ ಲೆಕ್ಕಾಚಾರ.

ಇಂಥ ಸೂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಓದುಗರಿಗೆ ನಾಲ್ಕು ಸಾಲಿನಲ್ಲಿ ತೋರಿಸಿಬಿಡಿ. ಸುಮ್ನೆ ಲೆಕ್ಕಕ್ಕೆ ಅಂತ ಎರಡು ಕಾರು ಇಟ್ಟುಕೊಳ್ಳೋಣ. ಒಂದು 1000 ಕಿಲೋ ತೂಕದ್ದು, 20 ಅಶ್ವಶಕ್ತಿ, 90 ಸೆಕೆಂಡಿನಲ್ಲಿ ಮೇಲೆ ಹೋಯಿತು. ಇನ್ನೊಂದು 1200 ಕಿಲೋ, 40 ಅಶ್ವಶಕ್ತಿ, 60 ಸೆಕೆಂಡು. ಶಕ್ತಿಯನ್ನೂ ಸಮಯವನ್ನೂ ಗುಣಿಸಿ, ಬಂದದ್ದರಿಂದ ಭಾರವನ್ನು ಭಾಗಿಸಿ. ಮೊದಲನೆಯದಕ್ಕೆ ಸುಮಾರು 0.56, ಎರಡನೆಯದಕ್ಕೆ 0.5. ಅರ್ಧ ನಿಮಿಷ ತಡವಾಗಿ ಬಂದ ಕಾರೇ ಗೆದ್ದಿತು! ಬೇಲಿಯ ಪಕ್ಕ ನಿಂತು ನೋಡಿದ ರೈತನಿಗೆ ಇದನ್ನು ಒಪ್ಪಿಸೋದು ಹೇಗೆ? ಗೆದ್ದವರು ಯಾರು ಅಂತ ಕಣ್ಣಿಗೆ ಕಾಣಿಸುವುದಿಲ್ಲ, ಕಾಗದ ಪೆನ್ಸಿಲ್ ಬೇಕು.

ಇನ್ನೊಂದು ಕಿತಾಪತಿಯೂ ಇದೆ. ಆ ಕಾಲದ ಇಂಗ್ಲೆಂಡಿನಲ್ಲಿ ಚಾಲ್ತಿಗೆ ಬಂದ ಅಧಿಕೃತ ಅಶ್ವಶಕ್ತಿ ಲೆಕ್ಕ ಸಿಲಿಂಡರಿನ ಅಗಲ ಮತ್ತು ಸಂಖ್ಯೆಯನ್ನು ಮಾತ್ರ ನೋಡುತ್ತಿತ್ತು. ಪಿಸ್ಟನ್ ಎಷ್ಟು ಉದ್ದ ಓಡಾಡುತ್ತದೆ ಅನ್ನುವುದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಕಂಪನಿಗಳು ಸಣ್ಣ ಅಗಲದ, ಉದ್ದ ಹೊಡೆತದ ಎಂಜಿನ್ ಮಾಡತೊಡಗಿದವು. ಕಾಗದದ ಮೇಲೆ ಬಡಕಲು, ರಸ್ತೆ ಮೇಲೆ ಗಟ್ಟಿ. ನೀವು ಮೆಕ್ಯಾನಿಕಲ್ ಎಂಜಿನಿಯರ್ ಅಲ್ವಾ, ಇದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲಿರಿ. ಆದರೆ ನಿಮ್ಮ ಲೇಖನದಲ್ಲಿ ಎಂಜಿನಿಯರ್ ಎಲ್ಲೂ ಕಾಣಿಸುವುದಿಲ್ಲ. 'ಅಪ್ರತಿಮ', 'ರೋಮಾಂಚಕಾರಿ', 'ಮೈನವಿರೇಳಿಸುವ' ಅನ್ನುವ ಪದಗಳು ಮಾತ್ರ ಪುಟಕ್ಕೆ ಐದರಂತೆ ಕಾಣಿಸುತ್ತವೆ. ಅಷ್ಟನ್ನೂ ಹೊಡೆದುಹಾಕಿದ್ದೇನೆ.

1913ಕ್ಕೆ ನೀವು ಕೊಟ್ಟಿರುವುದು ಒಂದೇ ವಾಕ್ಯ. ನಾನಾಗಿದ್ದರೆ ಅಲ್ಲೇ ಒಂದು ಪುಟ ನಿಲ್ಲುತ್ತಿದ್ದೆ. ಜೋಸೆಫ್ ಹಿಗಿನ್‌ಸನ್ ಅನ್ನುವ ಉದ್ಯಮಿಗೆ ಈ ಬೆಟ್ಟ ಗೆಲ್ಲುವ ಹಟ. ಅವರು ವಾಕ್ಸ್‌ಹಾಲ್ ಕಂಪನಿಯ ಎಂಜಿನಿಯರ್ ಲಾರೆನ್ಸ್ ಪೊಮರಾಯ್ ಹತ್ತಿರ ಹೋಗಿ, ಬೆಟ್ಟದ ಓಟ ಗೆಲ್ಲುವಂಥ ಕಾರು ಮಾಡಿಕೊಡಿ ಅಂದರು. ಆ ಕಾರಿನಲ್ಲಿ 55.2 ಸೆಕೆಂಡಿಗೆ ಮೇಲೆ ಮುಟ್ಟಿದರು. ಆ ದಾಖಲೆ 1921ರ ತನಕ ಉಳಿಯಿತು. ನಡುವೆ ಯುದ್ಧ ಬಂತು ಅನ್ನುವುದೂ ಅದಕ್ಕೆ ಕಾರಣ, ಅದನ್ನೂ ಹೇಳಿ. ಆದರೆ ಮುಖ್ಯವಾದದ್ದು ಆ ಕಾರು. ಅದೇ ಮುಂದೆ ವಾಕ್ಸ್‌ಹಾಲ್ 30-98 ಆಯಿತು, ಇಂಗ್ಲೆಂಡಿನ ಹಳೇ ಕಾರುಗಳ ಹುಚ್ಚಿರುವವರು ಇವತ್ತಿಗೂ ಆ ಹೆಸರು ಕೇಳಿದರೆ ಕಣ್ಣರಳಿಸುತ್ತಾರೆ. ಒಬ್ಬ ಮನುಷ್ಯನಿಗೆ ಒಂದು ಬೆಟ್ಟ ಗೆಲ್ಲಬೇಕು ಅನ್ನಿಸಿದ್ದಕ್ಕೆ ಒಂದು ಕಾರೇ ಹುಟ್ಟಿತು. ಇದಕ್ಕೆ ಒಂದೇ ವಾಕ್ಯವಾ?

ಇಂಥದ್ದು ಒಂದು ಸಲ ಆದದ್ದೂ ಅಲ್ಲ. ರೇಸುಗಾರ ರೇಮಂಡ್ ಮೇಸ್ ಅವರನ್ನೇ ನೋಡಿ. ಬೆಟ್ಟದ ಓಟಕ್ಕೆ ಅಂತ ಅವರು ತಿದ್ದಿ ತೀಡಿದ ಬಿಳಿ ರೈಲಿ ಕಾರಿನಿಂದ ಇಆರ್‌ಎ (ಇಂಗ್ಲಿಷ್ ರೇಸಿಂಗ್ ಆಟೊಮೊಬೈಲ್ಸ್) ಕಾರುಗಳು ಬೆಳೆದವು. 1935ರಲ್ಲಿ ಆ ಇಆರ್‌ಎಯಲ್ಲೇ 39.6 ಸೆಕೆಂಡಿಗೆ ಹತ್ತಿ, 40 ಸೆಕೆಂಡಿನ ಒಳಗೆ ಮೇಲೆ ಮುಟ್ಟಿದ ಮೊದಲಿಗರಾದರು. ಇದನ್ನು ಹಿಗಿನ್‌ಸನ್ ಕಥೆಯ ಪಕ್ಕದಲ್ಲಿಟ್ಟು ಬರೆಯಿರಿ. ನೀವು ಎರಡರ ನಡುವೆ ಹದಿನಾಲ್ಕು ಹೆಸರು ತುರುಕಿದ್ದೀರಿ. ಆ ಹದಿನಾಲ್ಕರಲ್ಲಿ ಬ್ಯಾಸಿಲ್ ಡೇವನ್‌ಪೋರ್ಟ್ ಒಬ್ಬರನ್ನು ಉಳಿಸಿಕೊಳ್ಳಿ. ಎರಡು ಸಿಲಿಂಡರಿನ ಎಂಜಿನ್, ಚೈನಿನಲ್ಲಿ ಓಡುವ ಚಕ್ರ, ಬರೀ ಎಲುಬಿನ ಹಾಗೆ ಕಾಣುವ 'ಸ್ಪೈಡರ್' ಅನ್ನುವ ಕಾರು. 1926ರಲ್ಲಿ ದೊಡ್ಡ ದೊಡ್ಡ ಕಂಪನಿ ಕಾರುಗಳಿಗೆ ಆಗದ್ದನ್ನು ಅದು ಮಾಡಿತು, 50 ಸೆಕೆಂಡಿನ ಒಳಗೆ ಮೇಲೆ ಹೋಯಿತು.

ತಪ್ಪುಗಳೂ ಇವೆ, ನೇರವಾಗಿಯೇ ಹೇಳುತ್ತೇನೆ. ಜರ್ಮನ್ ರೇಸುಗಾರ ಹಾನ್ಸ್ ಸ್ಟುಕ್ 1936ರಲ್ಲಿ ಆಟೋ ಯೂನಿಯನ್ ಕಾರಿನಲ್ಲಿ ದಾಖಲೆ ಮಾಡಿದರು ಅಂತ ಬರೆದಿದ್ದೀರಿ. ಎರಡು ಭೇಟಿಗಳನ್ನು ಕಲಸಿಬಿಟ್ಟಿದ್ದೀರಿ. ದಾಖಲೆ ಮಾಡಿದ್ದು 1930ರಲ್ಲಿ, ಆಸ್ಟ್ರೋ-ಡೈಮ್ಲರ್‌ನಲ್ಲಿ, 42.8 ಸೆಕೆಂಡು. 1936ರಲ್ಲಿ ದೈತ್ಯ ಆಟೋ ಯೂನಿಯನ್ ತಂದರು ನಿಜ, ಆದರೆ ಮಳೆ ಬಂದು ದಾರಿ ಒದ್ದೆಯಾಯಿತು, ದಾಖಲೆಯ ಹತ್ತಿರಕ್ಕೂ ಬರಲಿಲ್ಲ. ಸರಿಯಾಗಿ ಬರೆದರೆ ಇದು ನಿಮ್ಮ ತಪ್ಪು ವಾಕ್ಯಕ್ಕಿಂತ ಎಷ್ಟೋ ಚೆನ್ನಾಗಿದೆ. ಹಾಗೆಯೇ "120 ವರ್ಷ ಒಂದೂ ಬಿಡುವಿಲ್ಲದೆ" ಅನ್ನುವುದು ಸುಳ್ಳು, ಎರಡು ಮಹಾಯುದ್ಧದ ಕಾಲದಲ್ಲೂ ಓಟ ನಿಂತಿತ್ತು. ಅದೇ ಹಳೆಯ ಹಾದಿಯಲ್ಲೇ ಈಗಲೂ ಓಡುತ್ತಾರೆ ಅನ್ನಿ, ಸಾಕು.

ಈ ಬೆಟ್ಟ ಉಳಿದದ್ದು ಹೇಗೆ ಅನ್ನುವುದನ್ನೂ ನೀವು ಬಿಟ್ಟಿದ್ದೀರಿ. 1901ರಲ್ಲಿ ಶುರುವಾದ ಮಿಡ್‌ಲ್ಯಾಂಡ್ ಆಟೊಮೊಬೈಲ್ ಕ್ಲಬ್ ಮೊದಲು ಸಾರ್ವಜನಿಕ ರಸ್ತೆಯಲ್ಲೇ ಓಟ ನಡೆಸುತ್ತಿತ್ತು. ಆಗ ವೇಗದ ಮಿತಿ ಗಂಟೆಗೆ 20 ಮೈಲಿ, ಪೊಲೀಸರ ಕಾಟ. ಅದಕ್ಕೇ ಖಾಸಗಿ ಜಮೀನು ಹುಡುಕಿಕೊಂಡು ಶೆಲ್ಸ್‌ಲಿಗೆ ಬಂದರು. ಇಪ್ಪತ್ತು ವರ್ಷದ ನಂತರ ಅದೇ ಅವರನ್ನು ಕಾಪಾಡಿತು. 1925ರಲ್ಲಿ ಕಾಪ್ ಹಿಲ್ ಅನ್ನುವ ಇನ್ನೊಂದು ಬೆಟ್ಟದಲ್ಲಿ ಬುಗಾಟಿಯೊಂದು ದಿಕ್ಕು ತಪ್ಪಿ ನೋಡುಗನೊಬ್ಬನ ಕಾಲು ಮುರಿಯಿತು. ಅಲ್ಲಿಗೆ ಬ್ರಿಟನ್ನಿನ ಸಾರ್ವಜನಿಕ ರಸ್ತೆಗಳಲ್ಲಿ ಇಂಥ ಓಟ ಬಂದ್ ಆಯಿತು. ಅಂದ ಹಾಗೆ ಆ ಬುಗಾಟಿ ಮೊದಲು ರೇಮಂಡ್ ಮೇಸ್ ಅವರದ್ದೇ, ಮಾರಿದ್ದರು. ಹೀಗೆ ತಾನಾಗಿ ಕೂಡಿಕೊಳ್ಳುವ ಎಳೆ ಸಿಕ್ಕಾಗ ಬಿಡಬೇಡಿ.

ಯುದ್ಧದ ನಂತರದ ಭಾಗ ಚಿಕ್ಕದಾದರೂ ಪರವಾಗಿಲ್ಲ. ಒಂದು ಬದಲಾವಣೆ ಮಾತ್ರ ಸ್ಪಷ್ಟವಾಗಿ ಬರಲಿ. 1947ರಲ್ಲಿ ಬೆಟ್ಟದ ಓಟದ ಬ್ರಿಟಿಷ್ ಚಾಂಪಿಯನ್‌ಶಿಪ್ ಶುರುವಾದಾಗ ಐದು ಬೆಟ್ಟಗಳ ಅಂಕ ಕೂಡಿಸಿ ಗೆದ್ದವರನ್ನು ತೀರ್ಮಾನಿಸಿದರು. ಶೆಲ್ಸ್‌ಲಿ ಆ ಐದರಲ್ಲಿ ಒಂದು. ಮೇಸ್ ಮೊದಲ ಎರಡು ವರ್ಷವೂ ಗೆದ್ದರು. ಮೊದಲು ಸೂತ್ರ, ಆಮೇಲೆ ಗಡಿಯಾರ, ಆಮೇಲೆ ವರ್ಷವಿಡೀ ಕೂಡಿಸಿದ ಅಂಕ. ನಿಮ್ಮ ಲೇಖನವನ್ನು ಈ ಮೂರು ಕಾಲಕ್ಕೆ ಹಂಚಿಕೊಂಡರೆ ಹೆಸರುಗಳು ತಾವಾಗಿಯೇ ಜಾಗ ಹುಡುಕಿಕೊಳ್ಳುತ್ತವೆ. ಜೋ ಫ್ರೈ 1949ರಲ್ಲಿ ಮೇಸ್ ಅವರ ಹಳೇ ದಾಖಲೆಯನ್ನು ಸೆಕೆಂಡಿನ ನೂರರಲ್ಲಿ ಎರಡು ಪಾಲಿನಷ್ಟೇ ಅಂತರದಲ್ಲಿ ಮುರಿದದ್ದು ಚೆನ್ನಾಗಿದೆ, ಇಟ್ಟುಕೊಳ್ಳಿ. ಅವರು ಮರುವರ್ಷವೇ ಅದೇ ಕಾರಿನಲ್ಲಿ ಇನ್ನೊಂದು ಓಟದಲ್ಲಿ ತೀರಿಕೊಂಡರು, ಅದನ್ನು ಕಣ್ಣೀರಿಲ್ಲದೆ ಒಂದೇ ಸಾಲಿನಲ್ಲಿ ಹೇಳಿ. 2008ರ ಮಾರ್ಟಿನ್ ಗ್ರೋವ್ಸ್ ಅವರ 22.58 ಸೆಕೆಂಡನ್ನು ಹಾಗೇ ಬಿಟ್ಟಿದ್ದೀರಿ. ನಿಂತಲ್ಲಿಂದ ಹೊರಟು ಸರಾಸರಿ ಗಂಟೆಗೆ ಸುಮಾರು 146 ಕಿಲೋಮೀಟರ್ ಅಂತ ಬಿಡಿಸಿ ಹೇಳಿ. ಇನ್‌ಸ್ಟೋನ್ ಅವರದ್ದು 42.

ಕೊನೆಯದಾಗಿ, ಇಷ್ಟೆಲ್ಲ ಬರೆದ ನೀವು ಟ್ರೋಫಿಯನ್ನೇ ನೋಡಿಲ್ಲ ಅನ್ನಿಸುತ್ತದೆ. ಅದು ಎಷ್ಟು ಎತ್ತರ, ಯಾವ ಲೋಹ, ಮೊದಲು ಕೆತ್ತಿದ ಹೆಸರು ಯಾರದ್ದು, ಅತಿ ಕಡಿಮೆ ಸಮಯದವರದ್ದೋ ಸೂತ್ರದಲ್ಲಿ ಗೆದ್ದವರದ್ದೋ, ಯುದ್ಧದ ವರ್ಷಗಳಲ್ಲಿ ಅಲ್ಲಿ ಖಾಲಿ ಜಾಗ ಬಿಟ್ಟಿದ್ದಾರಾ, ಹೆಸರು ಜಾಸ್ತಿಯಾದ ಮೇಲೆ ಪೀಠ ಸೇರಿಸಿದ್ದಾರಾ. ಕ್ಲಬ್ಬಿಗೆ ಒಂದು ಕಾಗದ ಬರೆಯಿರಿ. ಹಳೇ ಕಾರಿನವರಿಗೆ ಕೇಳುವವರು ಸಿಕ್ಕರೆ ಖುಷಿ, ಇಲ್ಲ ಅನ್ನುವುದು ಕಮ್ಮಿ. ಓಟದ ದಿನ ಹೋದರೆ ಬೆಣೆ ಇಡುವವರ ಹತ್ತಿರವೂ ಮಾತಾಡಿ.

1500 ಪದ ಮೀರಬೇಡಿ. ಫೋಟೋ ಹಾಕುವುದಿದ್ದರೆ ತೆಗೆದವರ ಒಪ್ಪಿಗೆ ಪತ್ರ ಜೊತೆಗಿರಲಿ. ಮೈಲಿ, ಗಜಗಳ ಪಕ್ಕ ಮೀಟರ್ ಲೆಕ್ಕ ಕೊಡಿ. ದೀಪಾವಳಿ ಸಂಚಿಕೆ ತುಂಬಿದೆ, ಅದರ ಮುಂದಿನದರಲ್ಲಿ ನಾಲ್ಕು ಪುಟ ನಿಮಗೆ ಅಂತ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ