ಕಾಂಕ್ರೀಟ್ ಒಡೆದಿದ್ದಕ್ಕೂ ಪ್ರಶಸ್ತಿ ಕೊಡ್ತಾರಾ?

ಕಳೆದ ಸಲ ಸಿಂಗಪುರದ ಬಿಶಾನ್–ಆಂಗ್ ಮೋ ಕಿಯೋ ಪಾರ್ಕಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕಾಂಕ್ರೀಟ್ ಕಾಲುವೆಯೊಂದನ್ನು ಒಡೆದು ಮತ್ತೆ ಹೊಳೆ ಮಾಡಿದ ಜಾಗ ಅದು. ವಿನ್ಯಾಸ ಜರ್ಮನಿಯ ಅಟೆಲಿಯೆ ಡ್ರೈಸೈಟ್ಲ್ ಅವರದು, ಎಂಜಿನಿಯರಿಂಗ್ ಅಮೆರಿಕದ ಸಿಎಚ್‌ಟುಎಂ ಹಿಲ್ ಕಂಪನಿಯದು. ಆ ನಾಲ್ಕು ಸಾಲಿಗೆ ಬಂದಷ್ಟು ಪ್ರಶ್ನೆಗಳು ಇಡೀ ಲೇಖನಗಳಿಗೂ ಬಂದಿರಲಿಲ್ಲ. ಕೆಲವಕ್ಕೆ ಇಲ್ಲಿ ಉತ್ತರಿಸುತ್ತೇನೆ.

ಫೋಟೊ ನೋಡಿದೆ. ಹುಲ್ಲು, ಕಲ್ಲು, ನಡುವೆ ಒಂದಿಷ್ಟು ನೀರು. ನಮ್ಮೂರ ಹಳ್ಳವೂ ಹೀಗೇ ಇದೆ. ಇದಕ್ಕೆ ಯಾಕೆ ಪ್ರಶಸ್ತಿ? — ಓದುಗರು, ತೀರ್ಥಹಳ್ಳಿ

ನಿಮ್ಮೂರ ಹಳ್ಳವನ್ನು ಇನ್ನೂ ಯಾರೂ ಕೆಡಿಸಿಲ್ಲ, ನೀವು ಪುಣ್ಯವಂತರು. ಆ ಪಾರ್ಕಿನಲ್ಲಿ ಹರಿಯುವ ಕಲ್ಲಾಂಗ್ ಹೊಳೆಯ ಕಥೆ ಬೇರೆ. ಸಿಂಗಪುರದ ಅತಿ ಉದ್ದದ ಹೊಳೆ ಅದು. ಉದ್ದ ಅಂದರೂ ಹತ್ತು ಕಿಲೋಮೀಟರ್ ಆಸುಪಾಸು, ನಮ್ಮ ಕಡೆ ಅದನ್ನು ಹಳ್ಳ ಅಂತಲೇ ಕರೆಯುತ್ತಿದ್ದರು. ಅಲ್ಲಿ ಮಳೆ ಬಂದರೆ ಒಂದೇ ಸಲ ಸುರಿಯುತ್ತದೆ. ನೆರೆ ನೀರು ಬೇಗ ಸಮುದ್ರ ಸೇರಲಿ ಅಂತ ಹೊಳೆಯನ್ನು ನೆಟ್ಟಗೆ ಮಾಡಿ, ಎರಡೂ ಕಡೆ, ತಳಕ್ಕೂ ಕಾಂಕ್ರೀಟ್ ಹಾಕಿದರು. ಅದರ ಪಕ್ಕದಲ್ಲೇ 1988ರಲ್ಲಿ ಪಾರ್ಕ್ ಆಯಿತು. ಕಾಲುವೆಗೂ ಪಾರ್ಕಿಗೂ ನಡುವೆ ಬೇಲಿ.

2009ರಲ್ಲಿ ಕೆಲಸ ಶುರುವಾಯಿತು, 2012ರ ಮಾರ್ಚ್‌ನಲ್ಲಿ ಪಾರ್ಕ್ ಮತ್ತೆ ತೆರೆಯಿತು. 2.7 ಕಿಲೋಮೀಟರ್ ನೆಟ್ಟಗಿದ್ದ ಕಾಲುವೆ, ಅಂಕುಡೊಂಕಾಗಿ ಸುಮಾರು 3.2 ಕಿಲೋಮೀಟರ್ ಹರಿಯುವ ಹೊಳೆಯಾಯಿತು. ಅದೇ ವರ್ಷ ವರ್ಲ್ಡ್ ಆರ್ಕಿಟೆಕ್ಚರ್ ಫೆಸ್ಟಿವಲ್‌ನಲ್ಲಿ ವರ್ಷದ ಅತ್ಯುತ್ತಮ ಲ್ಯಾಂಡ್‌ಸ್ಕೇಪ್ ಪ್ರಶಸ್ತಿ ಬಂತು. (ಆ ವರ್ಷ ಉತ್ಸವ ನಡೆದದ್ದೂ ಸಿಂಗಪುರದಲ್ಲೇ. ಮನೆಯಂಗಳದ ಪಂದ್ಯ ಅನ್ನಿ.)

ನನಗೆ ಮೆಚ್ಚುಗೆಯಾದದ್ದು ಹುಲ್ಲಲ್ಲ, ಬೇಲಿ ತೆಗೆದದ್ದು. ಕಾಲುವೆ ಜಲಮಂಡಳಿಯದು, ಪಾರ್ಕು ಉದ್ಯಾನ ಇಲಾಖೆಯದು. ನೆರೆ ಬಂದಾಗ ಹೊಳೆಗೆ ಹರಡಿಕೊಳ್ಳಲು ಜಾಗ ಬೇಕು. ಆ ಜಾಗ ಸಿಕ್ಕಿದ್ದು ಪಾರ್ಕಿನಿಂದ. ಒಂದು ಮನೆಯನ್ನೂ ಕೆಡವಲಿಲ್ಲ, ಎರಡು ಇಲಾಖೆಗಳು ಬೇಲಿ ತೆಗೆಯಲು ಒಪ್ಪಿದವು ಅಷ್ಟೆ. ನಾನು ಮೂವತ್ತು ವರ್ಷ ಚರಂಡಿ, ಕಾಲುವೆಗಳ ಕೆಲಸವನ್ನೇ ಮಾಡಿದವನು. ಹಾರೆ ಹಿಡಿಯುವುದಕ್ಕಿಂತ ಇಲಾಖೆಗಳನ್ನು ಹೀಗೆ ಒಪ್ಪಿಸುವುದೇ ಕಷ್ಟದ ಕೆಲಸ.

ಕಾಂಕ್ರೀಟ್ ನುಣುಪು, ನೀರು ಬೇಗ ಹೋಗುತ್ತದೆ. ಹುಲ್ಲು–ಕಲ್ಲಿನಲ್ಲಿ ನಿಧಾನ. ಹಾಗಾದರೆ ನೆರೆ ಜಾಸ್ತಿ ಆಗಬೇಕಲ್ವಾ? ಮಣ್ಣು ಕೊಚ್ಚಿ ಹೋಗುವುದಿಲ್ಲವಾ? — ಸಿವಿಲ್ ವಿದ್ಯಾರ್ಥಿ, ದಾವಣಗೆರೆ

ಒಳ್ಳೆ ಪ್ರಶ್ನೆ. ಕಾಲುವೆಯಲ್ಲಿ ನೀರಿನ ವೇಗ ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರವನ್ನು ನೀವು ಪುಸ್ತಕದಲ್ಲಿ ಓದಿರುತ್ತೀರಿ. ಅದರಲ್ಲಿ 'ಎನ್' ಅನ್ನುವುದು ಒರಟುತನ. ಕಾಂಕ್ರೀಟಿಗೆ ಸುಮಾರು 0.015, ಗಿಡ–ಕಲ್ಲುಗಳಿರುವ ಹೊಳೆಗೆ 0.035 ಅಥವಾ ಇನ್ನೂ ಮೇಲೆ. ಆಳ, ಇಳಿಜಾರು ಅಷ್ಟೇ ಇದ್ದರೆ ನೀರಿನ ವೇಗ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಹಾಗಾಗಿ ಅಷ್ಟೇ ನೀರು ಸಾಗಬೇಕಾದರೆ ಅಗಲ ಹೆಚ್ಚಬೇಕು. ಇಲ್ಲಿ ಮಾಡಿದ್ದೂ ಅದನ್ನೇ. ಹೆಚ್ಚೆಂದರೆ 24 ಮೀಟರ್ ಅಗಲ ಇದ್ದ ಕಾಲುವೆಯ ಜಾಗದಲ್ಲಿ, ಜೋರು ಮಳೆಗೆ ಸುಮಾರು 100 ಮೀಟರ್‌ವರೆಗೂ ಹರಡಬಲ್ಲ ಹೊಳೆ. ನೀರು ಸಾಗಿಸುವ ಸಾಮರ್ಥ್ಯ ಮೊದಲಿಗಿಂತ ಸುಮಾರು ಶೇ 40 ಹೆಚ್ಚಾಯಿತು. ವೇಗ ತಗ್ಗಿದ್ದರಿಂದ ಕೆಳಗಿನ ಬಡಾವಣೆಗಳಿಗೆ ನೀರು ಒಮ್ಮೆಲೇ ನುಗ್ಗುವುದೂ ಕಡಿಮೆ. ಮಳೆ ಇಲ್ಲದ ದಿನ ಅದೇ ಜಾಗದಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಾರೆ.

ಮಣ್ಣಿನ ವಿಷಯಕ್ಕೆ ಬಂದರೆ, ದಡ ಕಟ್ಟಿದ್ದು ಜೀವಂತ ಗಿಡಗಳಿಂದ. ಎಳೆ ಕೊಂಬೆಗಳನ್ನು ಕಂತೆ ಕಟ್ಟಿ ದಡದಲ್ಲಿ ಹೂಳುವುದು, ಕಲ್ಲುಗಳ ಸಂದಿಯಲ್ಲಿ ಕಡ್ಡಿ ನೆಡುವುದು, ಬಟ್ಟೆಯಂಥ ಹಾಸಿನಲ್ಲಿ ಮಣ್ಣು ಸುತ್ತಿ ಮೇಲೆ ಗಿಡ ಬೆಳೆಸುವುದು, ಹೀಗೆ. ನಮ್ಮ ರೈತರು ಬದುವಿನ ಮೇಲೆ ಲಾವಂಚ ನೆಡುವುದು, ಬೇಲಿಗೆ ಲಕ್ಕಿ ಕಡ್ಡಿ ಚುಚ್ಚುವುದು ಇದೇ ಜಾತಿಯ ಜಾಣತನ. ಯುರೋಪಿನಲ್ಲಿ ಇದು ಹಳೆಯ ವಿದ್ಯೆ. ಆದರೆ ಆಲ್ಪ್ಸ್ ತಪ್ಪಲಿನ ವಿದ್ಯೆ ಸಿಂಗಪುರದ ಮಳೆಗೆ ನಿಲ್ಲುತ್ತದಾ? ಅದು ಯಾರಿಗೂ ಖಚಿತ ಇರಲಿಲ್ಲ. ಅದಕ್ಕೇ ಮೊದಲು ಪಕ್ಕದ ಚರಂಡಿಯೊಂದರ 60 ಮೀಟರ್ ಉದ್ದದಲ್ಲಿ ಹತ್ತು ವಿಧಾನಗಳನ್ನು ಮಾಡಿ ನೋಡಿದರು. ಹನ್ನೊಂದು ತಿಂಗಳು ಕಾದರು. ನಿಂತ ವಿಧಾನಗಳನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟರು.

ಒಡೆದ ಕಾಂಕ್ರೀಟಿನ ಚೂರುಗಳನ್ನು ಗುಡ್ಡೆ ಹಾಕಿ ಪಾರ್ಕಿನಲ್ಲೇ ಒಂದು ದಿಬ್ಬ ಮಾಡಿದ್ದಾರೆ. ಹೆಸರು 'ರಿಸೈಕಲ್ ಹಿಲ್'. ಹತ್ತಿ ನಿಂತರೆ ಹೊಳೆ ಪೂರಾ ಕಾಣುತ್ತದೆ.

ಕೋರಮಂಗಲದಲ್ಲಿ ನಮ್ಮ ಮನೆ ಹಿಂದೆಯೇ ರಾಜಕಾಲುವೆ. ಇದನ್ನೂ ಹೀಗೆ ಮಾಡಬಹುದಾ? ದಯವಿಟ್ಟು ನೇರವಾಗಿ ಹೇಳಿ. — ಓದುಗರು, ಬೆಂಗಳೂರು

ನೇರವಾಗಿ ಹೇಳಿದರೆ ಇಲ್ಲ, ಇವತ್ತಿಗೆ ಆಗುವುದಿಲ್ಲ. ಜಾಗ ಇಲ್ಲ ಅನ್ನುವುದು ಎರಡನೇ ಕಾರಣ. ಮೊದಲ ಕಾರಣ ವಾಸನೆ.

ಸಿಂಗಪುರದಲ್ಲಿ ಮಳೆನೀರಿನ ದಾರಿ ಬೇರೆ, ಕೊಚ್ಚೆಯ ದಾರಿ ಬೇರೆ. ಕಲ್ಲಾಂಗ್ ಹೊಳೆಯಲ್ಲಿ ಬರುವುದು ಮಳೆನೀರು, ಅದಕ್ಕೇ ಮಕ್ಕಳು ಕಾಲಿಟ್ಟು ಆಡಬಹುದು. ಅಲ್ಲಿಯೂ ಇದು ತಾನಾಗಿ ಆದದ್ದಲ್ಲ. 1977ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ, ಹತ್ತು ವರ್ಷದಲ್ಲಿ ಸಿಂಗಪುರ ನದಿ ಮತ್ತು ಕಲ್ಲಾಂಗ್ ಕೊಲ್ಲಿ ಶುಚಿಯಾಗಬೇಕು ಅಂದರು. ಹಂದಿ ಸಾಕಣೆ, ಗುಡಿಸಲು, ಬೀದಿ ಅಂಗಡಿ ಎಲ್ಲ ಸ್ಥಳಾಂತರವಾಯಿತು. 1987ಕ್ಕೆ ಕೆಲಸ ಮುಗಿಯಿತು. ಎಬ್ಬಿಸಿದವರ ಪಾಲಿಗೆ ಅದು ಸಂತೋಷದ ಕಥೆಯಲ್ಲ, ಅದನ್ನೂ ಮರೆಯಬಾರದು.

ಈಗ ಸಿಂಗಪುರದಲ್ಲೇ ಇದೇ ಸಿಎಚ್‌ಟುಎಂ ಹಿಲ್ ಕೈಯಾಡಿಸಿದ ಇನ್ನೊಂದು ಕೆಲಸ ನೋಡಿ. ನೆಲದಡಿ 20ರಿಂದ 55 ಮೀಟರ್ ಆಳದಲ್ಲಿ, ಕ್ರಾಂಜಿಯಿಂದ ಚಾಂಗಿವರೆಗೆ 48 ಕಿಲೋಮೀಟರ್ ಸುರಂಗ. ಊರಿನ ಕೊಳಚೆ ಅದರೊಳಗೆ ಇಳಿಜಾರಿನಲ್ಲೇ ಹರಿದು ಹೋಗುತ್ತದೆ, ದಾರಿಯಲ್ಲಿ ಪಂಪ್ ಬೇಕಿಲ್ಲ. ಕೊಳಚೆಯಿಂದ ಏಳುವ ಅನಿಲ ಕಾಂಕ್ರೀಟನ್ನು ತಿನ್ನುತ್ತದೆ. ಅದಕ್ಕೆ ಒಳಗೆ ಪ್ಲಾಸ್ಟಿಕ್ ಹೊದಿಕೆ. ಕೊನೆಯಲ್ಲಿ ಚಾಂಗಿಯ ಶುದ್ಧೀಕರಣ ಘಟಕ. ಶುರುವಾದಾಗ ದಿನಕ್ಕೆ 80 ಕೋಟಿ ಲೀಟರ್ ಸಾಮರ್ಥ್ಯ, ಮಾಮೂಲಿ ಘಟಕಕ್ಕೆ ಬೇಕಾಗುವ ಜಾಗದ ಮೂರನೇ ಒಂದು ಭಾಗದಲ್ಲಿ. 2009ರ ಗ್ಲೋಬಲ್ ವಾಟರ್ ಅವಾರ್ಡ್ಸ್‌ನಲ್ಲಿ ಇದಕ್ಕೆ ವರ್ಷದ ಅತ್ಯುತ್ತಮ ನೀರಿನ ಯೋಜನೆ ಅನ್ನುವ ಪ್ರಶಸ್ತಿ.

ಈ ಸುರಂಗದ ಫೋಟೊ ಯಾರೂ ಹಂಚಿಕೊಳ್ಳುವುದಿಲ್ಲ. ಪಾರ್ಕಿನದು ಎಲ್ಲರ ಮೊಬೈಲಲ್ಲೂ ಇದೆ. ಆದರೆ ಕೊಳಚೆಗೆ ಹೀಗೆ ಬೇರೆಯೇ ದಾರಿ ಇಲ್ಲದಿದ್ದರೆ ಪಾರ್ಕಿನ ಹೊಳೆಯ ಹತ್ತಿರ ಮೂಗು ಮುಚ್ಚಿಕೊಂಡೇ ಹೋಗಬೇಕಿತ್ತು.

ನಮ್ಮಲ್ಲಿ ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರಿನತ್ತ ಹೋಗುವ ಕೆ–100 ರಾಜಕಾಲುವೆಯಲ್ಲಿ ಕೆಲಸ ಶುರು ಮಾಡಿದಾಗಲೂ ಮೊದಲು ಎದುರಾದದ್ದು ಇದೇ: ಕಾಲುವೆಗೆ ಬೀಳುವ ಕೊಚ್ಚೆಯನ್ನು ಪೈಪಿಗೆ ತಿರುಗಿಸುವುದು. ಸರಿಯಾದ ಕಡೆಯಿಂದಲೇ ಶುರುವಾಗಿದೆ. ನಿಮ್ಮ ಬೀದಿಯಲ್ಲಿ ಯಾರಾದರೂ ಕಾಲುವೆ ಪಕ್ಕ ಹುಲ್ಲು, ಬೆಂಚು, ದೀಪ ಹಾಕುತ್ತೇವೆ ಅಂತ ಬಂದರೆ ಒಂದೇ ಪ್ರಶ್ನೆ ಕೇಳಿ: ಮೇಲಿನ ಬಡಾವಣೆಗಳ ಒಳಚರಂಡಿ ಎಲ್ಲಿಗೆ ಸೇರುತ್ತಿದೆ? ಉತ್ತರ ಇಲ್ಲದಿದ್ದರೆ ಬೆಂಚಿನ ದುಡ್ಡು ದಂಡ.

ನಮಗೆ ಬರುವ ಕೆ.ಸಿ. ವ್ಯಾಲಿ ನೀರೂ ಬೆಂಗಳೂರಿನ ಕೊಳಚೆಯದೇ. ಸಿಂಗಪುರದವರು ಅಂಥದ್ದನ್ನೇ ಬಾಟಲಿಗೆ ತುಂಬಿ ಕುಡಿಯುತ್ತಾರಂತೆ. ನಾವೂ ಕುಡಿಯಬಹುದಾ? — ರೈತರು, ಕೋಲಾರ

ಬೇಡ. ಎರಡೂ ಒಂದೇ ಅಲ್ಲ. 2018ರಿಂದ ನಿಮ್ಮ ಕೆರೆಗಳಿಗೆ ಬರುತ್ತಿರುವುದು ಎರಡನೇ ಹಂತದವರೆಗೆ ಶುದ್ಧವಾದ ನೀರು. ಅಂದರೆ ಗಸಿ ಕೂರಿಸಿ, ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸಿ ಬಿಟ್ಟದ್ದು. ಕೆರೆ ತುಂಬಿಸಿ ಅಂತರ್ಜಲ ಏರಿಸುವುದು ಅದರ ಉದ್ದೇಶ. ಸಿಂಗಪುರದ ನ್ಯೂವಾಟರ್ (ನೀವು ಹೇಳಿದ ಬಾಟಲಿ ನೀರು) ಅಲ್ಲಿಂದ ಮುಂದಕ್ಕೆ ಇನ್ನೂ ಮೂರು ಮೆಟ್ಟಿಲು ಹತ್ತುತ್ತದೆ: ತೀರಾ ಸಣ್ಣ ರಂಧ್ರಗಳ ಪೊರೆ, ಆಮೇಲೆ ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕದಲ್ಲಿ ಇರುವಂಥ ಆರ್‌ಒ, ಕೊನೆಗೆ ನೇರಳಾತೀತ ಬೆಳಕು. ಚಾಂಗಿಯಲ್ಲಿ ಈ ಕಾರ್ಖಾನೆ ಕೊಳಚೆ ಘಟಕದ ತಾರಸಿ ಮೇಲೆಯೇ ಕೂತಿದೆ. ಅಷ್ಟಾದರೂ ನ್ಯೂವಾಟರ್‌ನ ಬಹುಪಾಲು ಹೋಗುವುದು ಕಾರ್ಖಾನೆಗಳಿಗೆ. ಬರಗಾಲದಲ್ಲಿ ಒಂದಿಷ್ಟನ್ನು ಜಲಾಶಯಕ್ಕೆ ಬೆರೆಸಿ, ಮತ್ತೆ ಶುದ್ಧ ಮಾಡಿ ನಲ್ಲಿಗೆ ಬಿಡುತ್ತಾರೆ.

ನಿಮ್ಮ ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದ್ದರೆ ಸಂತೋಷ. ಕುಡಿಯುವ ಮೊದಲು ಒಮ್ಮೆ ಪರೀಕ್ಷೆ ಮಾಡಿಸಿ. ನಿಮ್ಮ ಸೀಮೆಯಲ್ಲಿ ಫ್ಲೋರೈಡ್ ಮೊದಲಿನಿಂದ ಇದ್ದದ್ದೇ. ಅದರ ಜತೆ ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾ ಎರಡನ್ನೂ ನೋಡಲು ಹೇಳಿ.

ಇಂಥ ಪ್ರಶಸ್ತಿಗಳೆಲ್ಲ ಕಂಪನಿಗಳ ಪ್ರಚಾರ ಅಲ್ವಾ? — ಗುತ್ತಿಗೆದಾರರು, ಹುಬ್ಬಳ್ಳಿ

ಅರ್ಧ ಹೌದು. ಕಂಪನಿಗಳೇ ಅರ್ಜಿ ಹಾಕುತ್ತವೆ, ಚಂದದ ಪುಸ್ತಕ ಮಾಡಿ ಕಳಿಸುತ್ತವೆ. ನಾನು ನೋಡುವುದು, ಪ್ರಶಸ್ತಿ ಯಾವುದಕ್ಕೆ ಕೊಟ್ಟಿದ್ದಾರೆ ಅನ್ನುವುದನ್ನು. ಇದೇ ಸಿಎಚ್‌ಟುಎಂ ಹಿಲ್, ಕೈಸರ್ ಅನ್ನುವ ಕಂಪನಿ ಜತೆ ಸೇರಿ ಅಮೆರಿಕದ ಕೊಲೊರಾಡೊದಲ್ಲಿ ರಾಕಿ ಫ್ಲಾಟ್ಸ್ ಅನ್ನುವ ಅಣ್ವಸ್ತ್ರ ಕಾರ್ಖಾನೆಯನ್ನು ಬಿಚ್ಚಿ ತೊಳೆಯಿತು. ಸುಮಾರು 65 ವರ್ಷ, 3,700 ಕೋಟಿ ಡಾಲರ್ ಬೇಕು ಅಂತ ಅಂದಾಜು ಇತ್ತು. 2005ಕ್ಕೆ, ಸುಮಾರು ಹತ್ತು ವರ್ಷದಲ್ಲಿ, 700 ಕೋಟಿ ಡಾಲರ್ ಆಸುಪಾಸಿನಲ್ಲಿ ಮುಗಿಸಿದರು. ಮರುವರ್ಷ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್‌ನ ಪ್ರಶಸ್ತಿ ಬಂತು. ಅದು ಕೆಲಸ ನಡೆಸಿದ ರೀತಿಗೆ. ಮಣ್ಣು ಎಷ್ಟು ಶುದ್ಧವಾಗಿದ್ದರೆ ಸಾಕು ಅನ್ನುವ ಜಗಳ ಅಲ್ಲಿನವರಲ್ಲಿ ಆಮೇಲೂ ನಿಂತಿಲ್ಲ. ಅಂದಹಾಗೆ, ಸಿಎಚ್‌ಟುಎಂ ಹಿಲ್ ಅಂತ ಹುಡುಕಿದರೆ ಈಗ ಸಿಗುವುದಿಲ್ಲ. 2017ರಲ್ಲಿ ಜೇಕಬ್ಸ್ ಅನ್ನುವ ಕಂಪನಿ ಅದನ್ನು ಕೊಂಡುಕೊಂಡಿತು. ಡ್ರೈಸೈಟ್ಲ್ ಅದಕ್ಕೂ ಮೊದಲೇ ಡೆನ್ಮಾರ್ಕಿನ ರಾಂಬೋಲ್ ಕಂಪನಿಗೆ ಸೇರಿತ್ತು.

ನಾವು ಸಿಂಗಪುರದಲ್ಲೇ ಇದ್ದೇವೆ. ಅತ್ತೆ–ಮಾವ ಊರಿಂದ ಬರುತ್ತಿದ್ದಾರೆ, ಮಕ್ಕಳೂ ಇದ್ದಾರೆ. ಮಳೆಗಾಲದಲ್ಲಿ ಆ ಪಾರ್ಕಿಗೆ ಕರೆದುಕೊಂಡು ಹೋದರೆ ಅಪಾಯವಾ? — ಓದುಗರು, ಸಿಂಗಪುರ

ಧೈರ್ಯವಾಗಿ ಹೋಗಿ, ಆದರೆ ಮೋಡ ಕಟ್ಟಿದರೆ ನೀರಿನಿಂದ ಮೇಲೆ ಬನ್ನಿ. ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳಿವೆ. ಏರತೊಡಗಿದರೆ ದೀಪ ಮಿನುಗುತ್ತದೆ, ಸೈರನ್ ಕೂಗುತ್ತದೆ. ದಡ ಕಡಿದಾಗಿಲ್ಲ, ವಯಸ್ಸಾದವರೂ ಮೆಲ್ಲಗೆ ನಡೆದು ಮೇಲೆ ಬರಬಹುದು. ಹಳೆ ಕಾಲುವೆಯಲ್ಲಿ ಬಿದ್ದಿದ್ದರೆ ಹಿಡಿಯಲು ಏನೂ ಇರಲಿಲ್ಲ.

ಬೆಳಿಗ್ಗೆ ಬೇಗ ಹೋದರೆ ನೀರುನಾಯಿ ಕಂಡರೂ ಕಾಣಬಹುದು. ಅವನ್ನು ಯಾರೂ ತಂದು ಬಿಟ್ಟಿದ್ದಲ್ಲ, ತಾವೇ ಬಂದವು. ಅಲ್ಲಿನ ಒಂದು ನೀರುನಾಯಿ ಕುಟುಂಬವಂತೂ 'ಬಿಶಾನ್ 10' ಅಂತ ಊರಿಗೆಲ್ಲ ಗೊತ್ತಾಗಿತ್ತು. ಮಾವನವರು ಹಂಪಿ–ಕಂಪ್ಲಿ ಕಡೆಯವರಾಗಿದ್ದರೆ ಗುರುತು ಹಿಡಿದಾರು, ತುಂಗಭದ್ರೆಯಲ್ಲಿ ಇರುವುದೂ ಅದೇ ಜಾತಿಯ ನೀರುನಾಯಿ.