ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಮೇಲೂ ಮರಿ ಕುಣಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿನ ಮರಿಗೆ ಈಗ ಐದೂವರೆ ತಿಂಗಳು. ಆರು ದಿನಗಳ ಹಿಂದೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಮೊದಲ ದಿನ ಮಂಕಾಗಿ ಮಲಗಿತ್ತು. ಮೂರನೆಯ ದಿನದಿಂದ ಬೀರುವಿನ ಮೇಲೆ ಹಾರುವುದು, ಪರದೆ ಹಿಡಿದು ಹತ್ತುವುದು, ಬೆಳಗಿನ ಜಾವ ನಾಲ್ಕು ಗಂಟೆಗೆ ಮನೆಯುದ್ದಕ್ಕೂ ಓಡುವುದು ಶುರುವಾಗಿದೆ. ಶಸ್ತ್ರಚಿಕಿತ್ಸೆಯಾದರೆ ಬೆಕ್ಕು ಸಾಧುವಾಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಏನಾದರೂ ತಪ್ಪಾಗಿದೆಯೇ? ಹೊಲಿಗೆ ಬಿಚ್ಚಿಕೊಂಡೀತೆಂದು ನಮ್ಮ ಅತ್ತೆಯವರಿಗೆ ರಾತ್ರಿ ನಿದ್ದೆಯಿಲ್ಲ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ತಪ್ಪೇನೂ ಆದಂತಿಲ್ಲ. ಅರಿವಳಿಕೆಯ ಮಂಪರು ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಎಳೆಯ ಮರಿಗಳಂತೂ ದೊಡ್ಡ ಬೆಕ್ಕುಗಳಿಗಿಂತ ಬೇಗ ಚೇತರಿಸಿಕೊಳ್ಳುತ್ತವೆ. ಮೂರನೆಯ ದಿನಕ್ಕೆ ಓಡಾಡುವ ಮರಿಗಿಂತ, ಮೂರನೆಯ ದಿನವೂ ಮೂಲೆ ಹಿಡಿದು ಮಲಗಿರುವ ಮರಿಯ ಬಗ್ಗೆ ನನಗೆ ಹೆಚ್ಚು ಚಿಂತೆಯಾಗುತ್ತದೆ.

‘ಸಾಧುವಾಗುತ್ತದೆ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಅಂಡಾಶಯಗಳನ್ನು ತೆಗೆದಾಗ ನಿಲ್ಲುವುದು ಬೆದೆಗೆ ಸಂಬಂಧಿಸಿದ ನಡವಳಿಕೆ ಮಾತ್ರ: ರಾತ್ರಿಯಿಡೀ ಕೂಗುವುದು, ನೆಲದಲ್ಲಿ ಹೊರಳಾಡುವುದು, ಬಾಗಿಲು ತೆರೆದೊಡನೆ ಗಂಡನ್ನು ಹುಡುಕಿ ಹೊರಗೆ ಓಡುವುದು. ಗಂಡುಮರಿಗಳಲ್ಲಿ ಅಲೆದಾಟ, ಕಾದಾಟ ಮತ್ತು ಗೋಡೆಗೆ ಮೂತ್ರ ಚಿಮ್ಮಿಸುವ ಅಭ್ಯಾಸ ಬಹುಮಟ್ಟಿಗೆ ತಗ್ಗುತ್ತವೆ. ಆದರೆ ಮರಿಯ ಆಟವು ಈ ಹಾರ್ಮೋನುಗಳಿಂದ ಬಂದದ್ದಲ್ಲ. ಹೊಂಚು ಹಾಕುವುದು, ಬೆನ್ನಟ್ಟುವುದು, ಹಾರಿ ಹಿಡಿಯುವುದು ಇವೆಲ್ಲ ಬೇಟೆಯ ಅಭ್ಯಾಸಗಳು, ಅವು ಬಾಲ್ಯದ ಭಾಗ. ಒಂದು ಬೆಕ್ಕು ಸ್ವಭಾವದಲ್ಲಿ ಪೂರ್ತಿ ಪ್ರೌಢವಾಗಲು ಎರಡು ವರ್ಷವಾದರೂ ಹಿಡಿಯುತ್ತದೆ. ಬೆಳಗಿನ ಜಾವದ ಓಟವೂ ಸಹಜವೇ, ಏಕೆಂದರೆ ನಸುಕು ಮತ್ತು ಮುಸ್ಸಂಜೆ ಬೆಕ್ಕಿನ ಜಾತಿಗೆ ಬೇಟೆಯ ಹೊತ್ತು.

ಹಾಗೆಂದು ಈಗಲೇ ಅದರ ಇಷ್ಟಕ್ಕೆ ಬಿಡಬೇಡಿ. ಅತ್ತೆಯವರ ಆತಂಕಕ್ಕೆ ಕಾರಣವಿದೆ. ಹೊರಚರ್ಮ ಕೂಡಿಕೊಂಡಂತೆ ಕಂಡರೂ ಹೊಟ್ಟೆಯ ಒಳಪದರಕ್ಕೆ ಬಲ ಬರಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮರಿಗೆ ನೋವು ಕಡಿಮೆಯಾದೊಡನೆ ತನಗೆ ಗಾಯವಾಗಿದೆ ಎಂಬುದೇ ಮರೆತುಹೋಗುತ್ತದೆ, ಆದ್ದರಿಂದ ಆ ಎಚ್ಚರವನ್ನು ನಾವೇ ವಹಿಸಬೇಕು. ಬೀರು, ಅಟ್ಟ, ಕಿಟಕಿಯ ಪರದೆ ಯಾವುದೂ ಇಲ್ಲದ ಒಂದು ಸಣ್ಣ ಕೋಣೆಯಲ್ಲಿ ಹಾಸಿಗೆ, ನೀರು, ಮಲಮೂತ್ರಕ್ಕೆ ಮಣ್ಣು ತುಂಬಿದ ತಟ್ಟೆ ಇಟ್ಟು ಅಲ್ಲಿಯೇ ಉಳಿಸಿಕೊಳ್ಳಿ. ಗಾಯ ನೆಕ್ಕದಂತೆ ವೈದ್ಯರು ಕೊಟ್ಟ ಕೊರಳಪಟ್ಟಿಯನ್ನು, ಮರಿ ಎಷ್ಟೇ ಗೋಳಾಡಿದರೂ, ಅವರು ಹೇಳುವವರೆಗೆ ತೆಗೆಯಬೇಡಿ. ಒಂದು ರಾತ್ರಿಯ ಕನಿಕರಕ್ಕೆ ಹೊಲಿಗೆ ಕಿತ್ತುಕೊಂಡ ಮರಿಗಳು ಬಹಳ. ಜಿಗಿತಕ್ಕೆ ಬದಲಾಗಿ ಮೂಗಿಗೆ ಮತ್ತು ಬುದ್ಧಿಗೆ ಕೆಲಸ ಕೊಡಿ: ತಿಂಡಿಯ ಕಾಳುಗಳನ್ನು ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿ, ಮಡಚಿದ ಬಟ್ಟೆಯಡಿಯಲ್ಲಿ ಅಡಗಿಸಿಟ್ಟು ಹುಡುಕಿಸಿ.

ದಿನಕ್ಕೆ ಎರಡು ಬಾರಿ ಗಾಯವನ್ನು ನೋಡಿ. ಊತ ಹೆಚ್ಚುತ್ತಿದ್ದರೆ, ಕೀವು ಅಥವಾ ರಕ್ತ ಒಸರಿದರೆ, ವಸಡು ಬಿಳಿಚಿಕೊಂಡರೆ, ಮತ್ತೆ ಮತ್ತೆ ವಾಂತಿಯಾದರೆ, ಒಂದು ದಿನ ಪೂರ್ತಿ ಆಹಾರ ಮುಟ್ಟದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ನೋವಿರಬಹುದೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಕೊಡಬೇಡಿ. ಬೆಕ್ಕಿನ ಯಕೃತ್ತು ಅದನ್ನು ಅರಗಿಸಲಾರದು, ಅಲ್ಪ ಪ್ರಮಾಣವೂ ಪ್ರಾಣಕ್ಕೆ ಎರವಾಗುತ್ತದೆ.

ಗಾಯ ಮಾಗಿದೆ ಎಂದು ವೈದ್ಯರು ಹೇಳಿದ ಮೇಲೆ ಆಟಕ್ಕೆ ಧಾರಾಳವಾಗಿ ಅವಕಾಶ ಕೊಡಿ. ಮಲಗುವ ಮೊದಲು ಕಡ್ಡಿಗೆ ದಾರದಿಂದ ಕಟ್ಟಿದ ಗರಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಕೊನೆಗೆ ಅದನ್ನು ಹಿಡಿಯಲು ಬಿಟ್ಟು, ಕೂಡಲೇ ರಾತ್ರಿಯ ಊಟ ಕೊಟ್ಟರೆ ಬೇಟೆ, ಊಟ, ನಿದ್ದೆ ಎಂಬ ಅದರ ಸಹಜ ಕ್ರಮ ಪೂರ್ತಿಯಾಗುತ್ತದೆ, ನಾಲ್ಕು ಗಂಟೆಯ ಓಟವೂ ಕ್ರಮೇಣ ತಗ್ಗುತ್ತದೆ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡುವುದನ್ನು ಮರೆಯಬೇಡಿ, ನುಂಗಿದ ದಾರ ಕರುಳನ್ನು ಕತ್ತರಿಸಬಲ್ಲದು.

ನಿಜವಾಗಿ ಬದಲಾಗುವುದು ಹಸಿವು, ಮತ್ತು ಅದನ್ನು ಯಾರೂ ನಿಮಗೆ ಹೇಳಿದಂತಿಲ್ಲ. ಈ ಶಸ್ತ್ರಚಿಕಿತ್ಸೆಯ ನಂತರ ದೇಹಕ್ಕೆ ಬೇಕಾದ ಶಕ್ತಿಯ ಪ್ರಮಾಣ ಇಳಿಯುತ್ತದೆ, ತಿನ್ನುವ ಆಸೆ ಮಾತ್ರ ಏರುತ್ತದೆ. ಬಟ್ಟಲು ಸದಾ ತುಂಬಿರುವ ಮನೆಗಳಲ್ಲಿ ಚುರುಕಾಗಿದ್ದ ಮರಿ ಒಂದು ವರ್ಷದೊಳಗೆ ದಪ್ಪಗಾಗಿ ಆಲಸಿಯಾಗುತ್ತದೆ. ಆಮೇಲೆ ಜನ ಅದನ್ನೇ ‘ಸಾಧುವಾಯಿತು’ ಎನ್ನುತ್ತಾರೆ. ಮರಿಯಿನ್ನೂ ಬೆಳೆಯುತ್ತಿರುವುದರಿಂದ ಉಪವಾಸ ಬೇಡ, ಅಳತೆ ಬೇಕು. ಹೊಲಿಗೆ ತೋರಿಸಲು ಹೋದ ದಿನವೇ ತೂಕ ಮಾಡಿಸಿ, ದಿನಕ್ಕೆ ಎಷ್ಟು ಗ್ರಾಂ ಆಹಾರ ಕೊಡಬೇಕೆಂದು ವೈದ್ಯರಿಂದ ಬರೆಸಿಕೊಂಡು ಬನ್ನಿ.